ಅಪ್ಪ ಬಂದರೆ ಮಗಳ ಹಾಜರಿ ಬೀಳುತ್ತದೆಯೇ?

ನಿಮಗೂ ಹೀಗಾಗಿದೆಯಾ, ನಿಜ ಹೇಳಿ. ಯಾವುದೋ ಅರ್ಜಿ ತುಂಬುತ್ತಿರುತ್ತೀರಿ, ‘ಧರ್ಮ’ ಎಂಬ ಕಾಲಂ ಬರುತ್ತದೆ. ಪಿನ್‌ಕೋಡಿಗಾದರೂ ಎರಡು ನಿಮಿಷ ತಿಣುಕುವ ತಲೆ ಇಲ್ಲಿ ಕೆಲಸವನ್ನು ಕೈಗೇ ಬಿಟ್ಟು ಸುಮ್ಮನಿರುತ್ತದೆ. ನಾನಂತೂ ಐವತ್ತು ದಾಟಿದ ಮೇಲೂ ‘ಕ್ರೈಸ್ತ’ ಎಂದು ಗೀಚಿ ಮುಂದಕ್ಕೆ ಹಾರುವವನು. ಅಪ್ಪನಿಂದ ಬಂದ ಬೊಕ್ಕತಲೆಯ ಹಾಗೆ ಇದೂ ಬಂದಿದೆ. ಎರಡರಲ್ಲೂ ನನ್ನ ಶ್ರಮ ಏನಿಲ್ಲ.

ಹಾಗೆ ಗೀಚಿದಾಗಲೆಲ್ಲ ಸೋದರತ್ತೆ ಸುಗುಣಮ್ಮ ನೆನಪಾಗುತ್ತಾಳೆ. ಅವಳ ಈ ಕಥೆಯನ್ನು ಅವಳ ಬಾಯಲ್ಲೇ ಹತ್ತಾರು ಸಲ ಕೇಳಿದ್ದೇನೆ.

ಅರವತ್ತರ ದಶಕದ ಮಾತು. ನಮ್ಮ ತಾತ ಹಾನುಬಾಳಿನ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಬೆಳಗಾದರೆ ಆಳುಗಳನ್ನು ಸ್ಟೋರ್ ಮುಂದೆ ನಿಲ್ಲಿಸಿ ಹಾಜರಿ ಕೂಗುವುದು ಅವರ ಕೆಲಸ. ಆ ಚಾಳಿ ಭಾನುವಾರವೂ ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ಸಕಲೇಶಪುರದಿಂದ ಅಯ್ಯನೋರು, ಅಂದರೆ ನಮ್ಮ ಚರ್ಚ್ ಸಭೆಯ ಪಾದ್ರಿ, ಬಸ್ಸಿನಲ್ಲಿ ಬಂದು ಕರ್ತನ ಭೋಜನ ಕೊಡುತ್ತಿದ್ದರು. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವವರು ಮೊದಲೇ ಹೆಸರು ಕೊಡಬೇಕು. ಯಾರನ್ನೂ ಕೇಳದೆ ತಾತ ಮನೆಮಂದಿಯ ಹೆಸರನ್ನೆಲ್ಲ ಬರೆದು ಕೊಡುತ್ತಿದ್ದರು. ಇಲ್ಲಿ ಹೆಸರು ಬಿತ್ತೋ, ಸ್ವರ್ಗದಲ್ಲೂ ಹಾಜರಿ ಬಿತ್ತು ಎಂದೇ ಅವರ ನಂಬಿಕೆ.

ಅತ್ತೆಗೆ ಹತ್ತೊಂಬತ್ತು ತುಂಬಿದಾಗ ಆಲೂರಿನ ಮೇಷ್ಟ್ರ ಸಂಬಂಧ ಕೂಡಿಬಂತು. ಮದುವೆಗೆ ಮೊದಲು ಹುಡುಗಿ ಸಭೆಯ ಎದುರು ನಿಂತು ತನ್ನ ನಂಬಿಕೆಯನ್ನು ತಾನೇ ಹೇಳಬೇಕು. ಇಲ್ಲದಿದ್ದರೆ ಅಯ್ಯನೋರು ಸಭೆಯಲ್ಲಿ ಮದುವೆಯ ಪ್ರಕಟಣೆ ಓದುವುದಿಲ್ಲ, ಮದುವೆಯೂ ನಡೆಯುವುದಿಲ್ಲ. ತಾತ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದರು. ಆ ದಿನ ಗಂಡಿನ ಕಡೆಯವರು ಮುಂದಿನ ಬೆಂಚಿನಲ್ಲೇ ಕೂತಿದ್ದರು.

“ಯೇಸುವನ್ನು ನಿನ್ನ ರಕ್ಷಕ ಅಂತ ನಂಬ್ತೀಯೇನಮ್ಮ?” ಅಯ್ಯನೋರು ಕೇಳಿದರು.

‘ಹೌದು’ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಅಂದದ್ದು ಇಷ್ಟು: “ನಮ್ಮಪ್ಪ ನಂಬವ್ರೆ ಅಯ್ಯನೋರೇ. ನಂದು ನಂಗೇ ಇನ್ನೂ ಗೊತ್ತಾಗಿಲ್ಲ.”

ತಾತ ಎದ್ದೇ ನಿಂತರು. “ಮೂರು ತಲೆಮಾರಿಂದ ಸಭೇಲಿ ಇದೀವಿ ಕಣೇ! ಮಾನ ಕಳ್ದುಬುಟ್ಟೆಯಲ್ಲೇ!”

“ನೆನ್ನೆ ತಾನೇ ಆಳು ಮಂಜಂಗೆ ಬೈದ್ರಲ್ಲಪ್ಪ? ಮಗನ ಹಾಜರೀನೂ ಹಾಕ್ಕೊಳಿ ಅಂದಿದ್ಕೆ, ‘ಅಪ್ಪ ಬಂದ್ರೆ ಮಗ ಬಂದಂಗಾಯ್ತದೇನ್ಲಾ’ ಅಂತ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಯ್ಯನೋರು ಮಾತ್ರ ನಗಲಿಲ್ಲ. “ಕೂತ್ಕೊಳವ್ವ. ಗೊತ್ತಾದಾಗ ಹೇಳು. ನಾನು ಬಸ್ಸಿಗೆ ಬತ್ತಾನೇ ಇರ್ತೀನಲ್ಲ.”

ಗಂಡಿನ ಕಡೆಯವರು ಊಟಕ್ಕೂ ನಿಲ್ಲಲಿಲ್ಲ. ಸಂಬಂಧ ಮುರಿಯಿತು.

ನನ್ನದು ನೋಡಿ. ಕೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸಿದರೆ ಕಿರುಚಿದ್ದೆನಂತೆ. ಅದು ಒಪ್ಪಿಗೆಯೋ ತಕರಾರೋ ಇಂದಿಗೂ ತೀರ್ಮಾನವಾಗಿಲ್ಲ. ಆದರೆ ನಮ್ಮ ಬೋಧನೆಯ ತಿರುಳೇ ಅತ್ತೆ ಹೇಳಿದ್ದು: ರಕ್ಷಣೆ ಪಿತ್ರಾರ್ಜಿತವಲ್ಲ. ಕಾಫಿ ಸಸಿ ಅಪ್ಪನ ತೋಟದ್ದೇ ಆಗಿರಬಹುದು, ಬೇರು ತಾನೇ ಬಿಡಬೇಕು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆಳುಗಳ ಲೈನ್‌ಮನೆಗಳಲ್ಲೆಲ್ಲ ಈ ಸುದ್ದಿ ಹಬ್ಬಿ, ತಾತನ ಸಿಟ್ಟು ಮಂಜನ ಮೇಲೆ ತಿರುಗಿತು. ಅವನು ದಿನವಿಡೀ ದುಡಿದ ಒಂದು ದಿನ ತಾತ ‘ಗೈರು’ ಎಂದು ಬರೆದುಬಿಟ್ಟರು. ಮುಂದಿನ ಸಲ ಅಯ್ಯನೋರು ಬಂದಾಗ ಪಟ್ಟಿಯಲ್ಲಿ ತಾತನ ಹೆಸರೇ ಇಲ್ಲ! ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೇಳಿದ್ದಕ್ಕೆ, “ನನ್ ಮಗ್ಳು ತನ್ನನ್ನೇ ಕೇಳ್ಕೊಂಡಂಗೆ ನಾನೂ ನನ್ನನ್ನೇ ಕೇಳ್ಕೊಂಡೆ ಅಯ್ಯನೋರೇ. ಒಳಗೆ ಮಂಜಂಗೆ ಮಾಡಿದ ಮೋಸ ಐತೆ. ರೊಟ್ಟಿಗೆ ಹೆಂಗ್ ಕೈ ನೀಡ್ಲಿ?” ಅಂದರಂತೆ.

ಮರುದಿನ ಹಾಜರಿಯ ಹೊತ್ತಿಗೆ ಎಲ್ಲರ ಎದುರು ಪುಸ್ತಕ ತಿದ್ದಿ, “ತಪ್ಪಾಯ್ತು ಕಣೋ ಮಂಜ” ಅಂದರು. ಮಂಜ ಗಾಬರಿಯಾಗಿ, “ಅಯ್ಯೋ, ಬುಡಿ ರೈಟ್ರೇ, ಹುಷಾರಾಗಿದೀರ ತಾನೇ?” ಅಂದ.

ಅತ್ತೆ ಸ್ಟೋರಿನ ಬಾಗಿಲಲ್ಲಿ ನಿಂತು ನೋಡಿದಳು. “ಬಾಯಿಪಾಠದಲ್ಲಿದ್ದ ದೇವ್ರು ಅವತ್ತು ಎದುರಿಗೆ ಬಂದಂಗಾಯ್ತು ಕಣೋ” ಎನ್ನುತ್ತಿದ್ದಳು. ಮುಂದಿನ ಬಸ್ಸಿಗೆ ಅಯ್ಯನೋರು ಬಂದಾಗ ತಾನೇ ಹೋಗಿ, “ಈಗ ನನ್ನ ಹೆಸ್ರು ಬರ್ಕೊಳಿ” ಅಂದಳು. ಮದುವೆಯಾಗಿದ್ದು ಮತ್ತೆ ಏಳು ವರ್ಷಕ್ಕೆ. ಅದಕ್ಕಾಗಿ ಅವಳು ಮರುಗಿದ್ದನ್ನು ನಾನು ಕಾಣೆ.

ಮೊನ್ನೆ ಮತ್ತೊಂದು ಅರ್ಜಿ. ಆ ಕಾಲಂನಲ್ಲಿ ಪೆನ್ನು ನಿಂತಿತು. “ಏನ್ ಸಾರ್, ಇದಕ್ಕೂ ಯೋಚ್ನೆನಾ?” ಎಂದ ಗುಮಾಸ್ತ.

“ಬರೆಯೋದು ಸುಲಭ ಕಣ್ರೀ. ಹಾಜರಿದೀನಾ ಅಂತ ನೋಡ್ಕೊತಿದೀನಿ” ಅಂದೆ.

ನಿಮ್ಮ ದೇವರು ಯಾರೇ ಇರಲಿ, ಮನೆಯಿಂದ ಬಂದದ್ದು ನಿಮ್ಮದೇ ಆದ ದಿನ ಯಾವುದು? ಅಥವಾ ಇನ್ನೂ ಆಗಿಲ್ಲವೇ? ಕೆಳಗೆ ಬರೆಯಿರಿ. ಅಪ್ಪನ ಕಥೆ ಬೇಡ, ನಿಮ್ಮದೇ ಬೇಕು.