ಅಜ್ಜ ಹೆಲ್ಮೆಟ್ ಹಾಕಿದವರಲ್ಲ

ಶಿಕಾರಿಪುರದಿಂದ ಉಳವಿಯ ಅಜ್ಜನ ಮನೆಗೆ ಹೊರಟ ಆ ದಿನ ಹೆಲ್ಮೆಟ್ ನನ್ನ ತೋಳಿನಲ್ಲಿ ನೇತಾಡುತ್ತಿತ್ತು. ಬೈಕ್ ಓಡಿಸುತ್ತಿದ್ದ ತಮ್ಮನ ತಲೆ ಬರಿದಾಗಿತ್ತು. ಇಪ್ಪತ್ತೈದಕ್ಕೇ ಅವನ ಹಣೆಯ ಎರಡೂ ಬದಿಯ ಕೂದಲು ಹಿಂದೆ ಸರಿಯತೊಡಗಿತ್ತು. ಅಪ್ಪನಿಗೆ ಈಗಲೂ ದಟ್ಟ ಕೂದಲು. ಹಾಗಾಗಿ ತಪ್ಪೆಲ್ಲ ಹೆಲ್ಮೆಟ್ಟಿನದೇ ಎಂದು ಅವನು ತೀರ್ಮಾನಿಸಿದ್ದ. ದೂರದಲ್ಲಿ ಪೊಲೀಸರು ಕಂಡರೆ ಮಾತ್ರ, "ಕೊಡಕ್ಕ ಇಲ್ಲಿ," ಎಂದು ಕೈಚಾಚುತ್ತಿದ್ದ.

ಸೊರಬ ದಾಟಿದ ಮೇಲೆ ಒಂದು ತಿರುವಿನಲ್ಲಿ, ಹುಲ್ಲು ಹೇರಿದ ಟ್ರ್ಯಾಕ್ಟರ್ ಗದ್ದೆಯಿಂದ ರಸ್ತೆಗೆ ಬಂದುಬಿಟ್ಟಿತು. ತಮ್ಮ ಬ್ರೇಕ್ ಒತ್ತಿದ. ಚಕ್ರ ಜಾರಿತು. ನಾನು ಮಣ್ಣಿನ ಮೇಲೆ ಬಿದ್ದೆ. ಅವನು ಬಿದ್ದದ್ದು ಮೋರಿಯ ಕಟ್ಟೆಯ ಪಕ್ಕ. ಕಲ್ಲಿನ ಅಂಚಿಗೂ ಅವನ ಕಿವಿಗೂ ನಡುವೆ ಒಂದು ಗೇಣು ಜಾಗವಿತ್ತು, ಅಷ್ಟೇ. ಅವನ ಮೊಣಕೈ ತರಚಿದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ. ಆದರೂ ಅನ್ನ ಕಲಸುವಾಗ, ಕಾಲೇಜಿನಲ್ಲಿ ಪಾಠ ಮಾಡುವಾಗ ಆ ಗೇಣು ಜಾಗ ಕಣ್ಣೆದುರು ಬರುತ್ತದೆ. ಕೆಲವು ಸಲ ಅದು ಅಷ್ಟೂ ಇರುವುದಿಲ್ಲ.

ಉಳವಿಯಲ್ಲಿ ಅಮ್ಮನ ಅಪ್ಪ ಅವನ ಗಾಯ ತೊಳೆಯುತ್ತ, ಹೆಲ್ಮೆಟ್ ಯಾಕೆ ಹಾಕಲಿಲ್ಲವೆಂದು ಕೇಳಿದರು. ಅವನು ಕೂದಲಿನ ಕಾರಣ ಹೇಳಿದ. ಅಜ್ಜ ತಮ್ಮದೇ ನುಣ್ಣನೆಯ ತಲೆಯನ್ನು ಸವರಿಕೊಂಡರು.

"ನಾನ್ ಯಾವ ಹೆಲ್ಮೆಟ್ ಹಾಕಿದ್ದೆ ಮಾರಾಯ? ನಮ್ಮಪ್ಪ ಸೈಕಲ್ಲೂ ಹತ್ತಿದವ್ರಲ್ಲ. ಅವ್ರ ತಲೇನೂ ಹಿಂಗೇ ಇತ್ತು."

ಒಳಗಿನಿಂದ ಬಂದ ಅಜ್ಜಿ, "ಮದ್ವೆ ದಿನ ಪೇಟ ಸುತ್ಕಂಡು ಕೂತಿದ್ರು ನಿಮ್ಮಜ್ಜ. ತೆಗೆದ್ಮೇಲೆ ಗೊತ್ತಾತು ನಂಗೆ," ಎಂದರು.

"ಆಮೇಲೆ ಏನ್ ಮಾಡಿದ್ರಿ ಅಜ್ಜಿ?" ತಮ್ಮ ನಿಜವಾಗಿಯೂ ಗಾಬರಿಯಿಂದ ಕೇಳಿದ.

"ಏನ್ ಮಾಡದು? ತಾಳಿ ಕಟ್ಟಾಗಿತ್ತು. ನಾಕು ಮಕ್ಳಾದ್ವು."

ಉರಿಯುವ ಮೊಣಕೈ ಹಿಡಿದುಕೊಂಡೇ ಅವನು ನಕ್ಕ.

ಆ ವಾರವೇ ಅವನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಕಡೆಯವರನ್ನೂ ಅಮ್ಮನ ಕಡೆಯವರನ್ನೂ ವಿಚಾರಿಸಿದರು. ಇದು ಎರಡೂ ಕಡೆಯಿಂದ ಬರಬಹುದು, ಹೆಲ್ಮೆಟ್ಟಿನಿಂದ ಬಂದದ್ದಲ್ಲ ಎಂದರು. ಅಜ್ಜನ ಹಾಗೇ ಆಗಬೇಕೆಂದೇನೂ ಇಲ್ಲ. ಬೇಗ ಬಂದಿದ್ದೀರಿ, ಇರುವ ಕೂದಲು ಉಳಿಸಿಕೊಳ್ಳಲು ಔಷಧಿ ಇದೆ ಎಂದೂ ಹೇಳಿದರು.

ಹೊರಗೆ ಬಂದದ್ದೇ ಅವನು ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ. ಬೈಕಿಗೆ ನೇತುಹಾಕಿದ್ದ ಚೀಲದಿಂದ ಇನ್ನೊಂದನ್ನು ತೆಗೆದು ನನ್ನ ಕೈಗೆ ಕೊಟ್ಟ. ಹೊಸದು.

"ಹತ್ತಕ್ಕ."

ಅದನ್ನು ಹಾಕಿಕೊಂಡರೂ, ಆ ಗೇಣು ಜಾಗ ನೆನಪಾಗಿ ನನಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಗಾಡಿ ಸ್ಟಾರ್ಟ್ ಮಾಡದೆ ಕಾದ.