ಗಿರಣಿಯ ಮೂಲೆಯಲ್ಲಿ ನಿಂತವಳು

ಗುರವ್ವನ ಗಿರಣಿಯಲ್ಲಿ ಪಾಳಿ ಹಚ್ಚುವುದು ಜನರಲ್ಲ, ಡಬ್ಬಿಗಳು. ಬೆಳಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಜೋಳದ ಡಬ್ಬಿಗಳು ಒಂದರ ಬೆನ್ನಿಗೊಂದು ಕುಳಿತಿರುತ್ತವೆ. ಯಾವುದು ಯಾರ ಮನೆಯದು ಎಂದು ಅವಳು ಮುಚ್ಚಳ ನೋಡಿಯೇ ಹೇಳುತ್ತಾಳೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಒಬ್ಬಳೇ ನಡೆಸಿದ ಗಿರಣಿ ಅದು. ಸವದತ್ತಿಗೂ ಯರಗಟ್ಟಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಒಳಗಿರುವ ಆ ಊರಲ್ಲಿ ಅವಳು ಬೀಸಿದ ಹಿಟ್ಟಿನ ರೊಟ್ಟಿ ತಿನ್ನದ ಮನೆಯಿರಲಿಲ್ಲ, ಒಂದನ್ನು ಬಿಟ್ಟು.

ಆ ಒಂದು ಮನೆ ಚನ್ನವ್ವನದು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಹಣಮಂತಪ್ಪ ಪಾಳಿ ತಪ್ಪಿಸಿ ಕಾಲುವೆಯ ನೀರು ತಿರುವಿಕೊಂಡಿದ್ದ. ಹಿರಿಯರು ಕೂಡಿ ಊರಿನ ಹಳೆಯ ಕಟ್ಟಳೆಯಂತೆ ಶಿಕ್ಷೆ ಕೊಟ್ಟರು: ತಲೆಯ ಮೇಲೆ ಬೀಸುಕಲ್ಲಿನ ಮೇಲ್ಹೋಳು ಹೊತ್ತು, ನಡುಹಗಲಿನ ಬಿಸಿಲಲ್ಲಿ ಚಾವಡಿಯ ಮುಂದೆ ನಿಲ್ಲಬೇಕು. ಗಿರಣಿ ಬಂದ ಮೇಲೆ ಊರಲ್ಲಿ ಬೀಸುಕಲ್ಲು ಉಳಿದದ್ದು ಗುರವ್ವನ ಮನೆಯಲ್ಲಿ ಮಾತ್ರ. ಹಿರಿಯರು ಕೇಳಿದರೆ ಇಲ್ಲವೆನ್ನಲಾದೀತೆ ಎಂದು ತಾನೇ ಎತ್ತಿ ಕೊಟ್ಟಿದ್ದಳು. ಹಣಮಂತಪ್ಪ ನಿಂತಲ್ಲೇ ಕುಸಿದ. ಕುತ್ತಿಗೆ ಮುರಿದು ಹಾಸಿಗೆ ಹಿಡಿದವನು ಮೂರು ತಿಂಗಳಿಗೆ ಹೋಗಿಬಿಟ್ಟ. ಚನ್ನವ್ವ ಠಾಣೆಗೆ ಹೋಗಿ ದೂರು ಕೊಟ್ಟಳು. ಊರಿಗೆ ಊರೇ ನೋಡಿದ್ದ ಆ ಸಂಗತಿಗೆ ಒಬ್ಬ ಸಾಕ್ಷಿಯೂ ಸಿಗಲಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಹಿರಿಯರಲ್ಲಿ ಹಿರಿಯರಾದ ಅಂದಾನೆಪ್ಪನವರು ಒಂದೇ ಮಾತು ಹೇಳಿದ್ದರು: "ಆಕಿ ನಮ್ಮ ಪಾಲಿಗೆ ಸತ್ತಳು."

ಮೊದಲಿಗೆ ಕಷ್ಟವಾಯಿತು. ಚನ್ನವ್ವ ತನ್ನ ತಗ್ಗುಬಿದ್ದ ಡಬ್ಬಿಯನ್ನು ಪಾಳಿಗೆ ಇಡುವಳು, ಗುರವ್ವ ಅದನ್ನು ಕಾಲಿನಿಂದ ಬದಿಗೆ ಸರಿಸುವಳು. ಆದರೆ ಮನುಷ್ಯನ ಕಣ್ಣಿದೆಯಲ್ಲ, ಅದು ಸಾಕಿದ ನಾಯಿಯಂಥದ್ದು, ಕೂರೆಂದಲ್ಲಿ ಕೂರುತ್ತದೆ. ವರ್ಷದೊಳಗೆ ಆ ಡಬ್ಬಿ ಕಾಣದಾಯಿತು. ಚನ್ನವ್ವ ರಾಮದುರ್ಗದ ಕಡೆ ತವರಿಗೆ ಹೋಗಿರಬೇಕು ಎಂದುಕೊಂಡಳು ಗುರವ್ವ. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಮಾತ್ರ ಬಗೆಹರಿಯುತ್ತಿರಲಿಲ್ಲ. ಗಿರಣಿಯೆಂದಮೇಲೆ ನೆಲದ ತುಂಬ ಹಿಟ್ಟಿನ ಧೂಳು. ಹಿಂದಿನ ಮೂಲೆಯಲ್ಲಿ, ಕಂಬದ ಬಳಿ, ಯಾರೂ ನಿಲ್ಲದ ಜಾಗದಲ್ಲಿ ದಿನಾ ಸಂಜೆ ಎರಡು ಬರಿಗಾಲಿನ ಗುರುತು ಇರುತ್ತಿದ್ದವು. ಗುರವ್ವ ಕಸಬರಿಗೆ ತೆಗೆದುಕೊಂಡು ಗುಡಿಸುತ್ತಿದ್ದಳು. ಮರುದಿನ ಮತ್ತೆ ಇರುತ್ತಿದ್ದವು. ಅವಳಿಗೆ ಹೆದರಿಕೆಯಾಗುತ್ತಿತ್ತು, ಆದರೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಈ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಧಾರವಾಡದಿಂದ ಶರ್ವರಿ ಎಂಬ ಹುಡುಗಿ ಬಂದಳು. ಹತ್ತಾರು ದೇಶ ಕೂಡಿ ಮಾಡಿಕೊಂಡ ಸಮಿತಿಯೊಂದು, ಇಂಥ ಶಿಕ್ಷೆಗಳನ್ನು ಯಾವ ದೇಶದಲ್ಲೂ ಇರಗೊಡಬಾರದೆಂದು ವಿಚಾರ ನಡೆಸಿತ್ತಂತೆ. ಅದಕ್ಕೆ ಕಳಿಸುವ ವರದಿಯ ಕೆಲಸ ಅವಳದು. ಚಾವಡಿಯಲ್ಲಿ ಅಂದಾನೆಪ್ಪನವರು ಕುರ್ಚಿ ಹಾಕಿಸಿ, ಚಹಾ ಕೊಡಿಸಿಯೇ ಮಾತಾಡಿದರು.

"ತಂಗಿ, ಕಿತ್ತೂರು ಇಲ್ಲಿಂದ ಭಾಳ ದೂರಿಲ್ಲ. ಹಡಗ ಹತ್ತಿ ಬಂದವ್ರು ನಮ್ಮ ಗಾದಿಗೆ ವಾರಸುದಾರ ಯಾರಾಗಬೇಕಂತ ಹೇಳಾಕ ಬಂದಾಗ ಈ ಸೀಮಿ ಏನ್ ಮಾಡ್ತು, ನೀವೂ ಸಾಲ್ಯಾಗ ಓದೀರಿ. ಈಗ ಮತ್ತ ಹೊರಗಿನವ್ರು ಬಂದು ನಮಗ ಕಟ್ಟಳಿ ಹೇಳ್ತಾರೇನು? ನಮ್ಮಪ್ಪನ ಕಾಲಕ್ಕ ನೀರಿನ ಸಲುವಾಗಿ ಕೊಡ್ಲಿ ಎತ್ತಿ ಹೆಣ ಬೀಳತಿದ್ದು. ಈ ಕಲ್ಲು ಬಂದ ಮ್ಯಾಲೆ ಒಂದೂ ಬಿದ್ದಿಲ್ಲ."

"ಒಂದು ಬಿದ್ದದಲ್ಲರೀ ಕಾಕಾ," ಎಂದಳು ಶರ್ವರಿ.

ಅಂದಾನೆಪ್ಪನವರು ಅವಳ ಕಪ್ಪಿಗೆ ಇನ್ನಷ್ಟು ಚಹಾ ಹಾಕಿಸಿದರು. ಅವರ ಮಾತಿನಲ್ಲಿ ಸತ್ಯವಿರಲಿಲ್ಲವೆಂದಲ್ಲ, ಇತ್ತು, ಅದೇ ದೊಡ್ಡ ತೊಡಕು. ಕಿತ್ತೂರಿನ ಹೆಸರು ಬಂದಾಗ, ಚಾವಡಿಯ ಕೆಳಗೆ ಹೆಂಗಸರ ನಡುವೆ ನಿಂತಿದ್ದ ಗುರವ್ವನ ಎದೆಯೂ ಉಬ್ಬಿತ್ತು. ಚನ್ನವ್ವ ಎಲ್ಲಿ ಎಂದು ಶರ್ವರಿ ಕೇಳಿದರೆ, ಆ ಹೆಸರಿನವರು ಊರಲ್ಲಿಲ್ಲ ಎಂದರು ಎಲ್ಲರೂ. ಗುರವ್ವನೂ ಅಂದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೂ ಇಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಮರುದಿನ ಶರ್ವರಿ ಗಿರಣಿಗೆ ಬಂದು ಹತ್ತು ನಿಮಿಷ ಮೊಬೈಲಿನಲ್ಲಿ ವಿಡಿಯೊ ಚಿತ್ರ ತೆಗೆದುಕೊಂಡಳು. ಜನ ಕರಗಿದ ಮೇಲೆ ಅದನ್ನು ಗುರವ್ವನ ಮುಂದೆ ಹಿಡಿದಳು.

"ಗುರವ್ವಕ್ಕಾರ, ಈ ಮೂಲ್ಯಾಗ ನಿಂತವ್ರು ಯಾರ್ರಿ?"

ಗುರವ್ವ ನೋಡಿದಳು. ಕಟ್ಟೆ, ಡಬ್ಬಿಗಳು, ಹೆಂಗಸರು, ಮೈತುಂಬ ಹಿಟ್ಟು ಮೆತ್ತಿಕೊಂಡ ತಾನು. ಕಂಬದ ಬಳಿ, ತಗ್ಗುಬಿದ್ದ ಡಬ್ಬಿಯನ್ನು ಟೊಂಕಕ್ಕಿಟ್ಟುಕೊಂಡು, ಒಂದು ಮುದುಕಿ. ಅಲ್ಲ, ಮುದುಕಿಯಲ್ಲ, ಚನ್ನವ್ವ. ಚಿತ್ರದಲ್ಲಿ ಗುರವ್ವ ಅವಳ ಪಕ್ಕದಲ್ಲೇ ಹಾದು ಹೋಗುತ್ತಾಳೆ, ಸೆರಗು ಅವಳ ಕೈಗೆ ತಾಗುತ್ತದೆ, ಚನ್ನವ್ವ ದಾರಿ ಬಿಟ್ಟು ಹಿಂದೆ ಸರಿಯುತ್ತಾಳೆ. ಇದು ನಡೆದು ಒಂದು ತಾಸೂ ಆಗಿರಲಿಲ್ಲ.

"ಆಕಿ... ದಿನಾ ಬರ್ತಾಳೇನ್ರಿ?"

"ಪಾಳಿ ಬಂದೀತು ಅಂತ ನಾಕು ವರ್ಷದಿಂದ ನಿಲ್ಲಲಿಕ್ಕೆ ಹತ್ಯಾರ. ಯರಗಟ್ಟಿಗೆ ಹೋಗೂಣಂದ್ರ ಟೆಂಪೊದವ್ರು ಹತ್ತಿಸಿಕೊಳ್ಳೂದಿಲ್ಲಂತ, ಜ್ವಾಳಾ ಕುದಿಸಿಕೊಂಡು ತಿಂತಾರಂತ. ಈಗ ಹೊರಗ ಮಾತಾಡಿಸಿದೆ, ರೊಟ್ಟಿ ರುಚಿ ಮರತೇನಿ ಅಂದ್ರು."

ಗುರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಬಾಯಿ ಬಿಟ್ಟರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಎಲ್ಲವನ್ನೂ ಹೇಳಿದಳು: ಕಲ್ಲು ಯಾರದು, ಹೊರಿಸಿದವರು ಯಾರು, ಹಣಮಂತಪ್ಪ ಎಷ್ಟು ಹೊತ್ತು ನಿಂತಿದ್ದ, ಹೇಗೆ ಬಿದ್ದ. ಶರ್ವರಿ ಬರೆದುಕೊಂಡ ಕಾಗದಕ್ಕೆ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದಳು.

ಅದಾಗಿ ಮೂರು ವಾರಕ್ಕೆ ಪೊಲೀಸರ ಜೀಪುಗಳು ಬಂದವು. ಸಾಹೇಬರು ಚಾವಡಿಯಲ್ಲಿ ಕುಳಿತರು. ಅಂದಾನೆಪ್ಪನವರನ್ನೂ ಇನ್ನಿಬ್ಬರನ್ನೂ ಸವದತ್ತಿಗೆ ಕರೆದೊಯ್ದು, ನಾಲ್ಕು ದಿನಕ್ಕೆ ಜಾಮೀನಿನ ಮೇಲೆ ಬಿಟ್ಟರು. ಇನ್ನು ಮೇಲೆ ಊರಲ್ಲಿ ಕಲ್ಲೂ ಇಲ್ಲ, ಬಹಿಷ್ಕಾರವೂ ಇಲ್ಲ ಎಂಬ ಕಾಗದಕ್ಕೆ ಎಲ್ಲರೂ ಸಹಿ ಮಾಡಿದರು. ಚನ್ನವ್ವನನ್ನು ಕರೆದು ಪಂಕ್ತಿಯ ನಡುವೆ ಕೂರಿಸಿ ಊಟಕ್ಕಿಕ್ಕಿದರು. ಅವಳು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ಹೊತ್ತು ಕುಳಿತಿದ್ದಳಂತೆ.

ಗುರವ್ವನ ಮೇಲೆ ಯಾವ ತೀರ್ಪೂ ಆಗಲಿಲ್ಲ. ಯಾರೂ ಸಭೆ ಸೇರಲಿಲ್ಲ, ಯಾರೂ ಒಂದು ಮಾತು ಆಡಲಿಲ್ಲ. ಆ ಊಟದ ಮರುದಿನ ಬಾಗಿಲು ತೆರೆದರೆ ಕಟ್ಟೆ ಬರಿದಾಗಿತ್ತು. ಅದರ ಮರುದಿನವೂ ಅಷ್ಟೇ. ಹೆಂಗಸರು ಡಬ್ಬಿ ಹೊತ್ತು ಟೆಂಪೊ ಹತ್ತಿ ಯರಗಟ್ಟಿಯ ಗಿರಣಿಗೆ ಹೋಗತೊಡಗಿದರು. ಅಂದಾನೆಪ್ಪನವರು ಹಾದುಹೋಗುವಾಗ "ಶರಣ್ರೀ ಕಾಕಾ" ಎಂದಳು. ಅವರು ಅವಳ ಹಿಂದಿನ ಗೋಡೆಯನ್ನು ನೋಡುತ್ತ ಹೋದರು.

ಎಂಟನೆಯ ದಿನ ಟೆಂಪೊ ಕಡೆ ಹೊರಟ ಗುಂಪಿನಲ್ಲಿ ಚನ್ನವ್ವ ಇದ್ದಳು, ಟೊಂಕದ ಮೇಲೆ ಅದೇ ಡಬ್ಬಿ. ಗುರವ್ವ ಕಟ್ಟೆಯಿಳಿದು ಎದುರು ಹೋದಳು.

"ತಾ ತಂಗಿ, ನಾನು ಬೀಸಿ ಕೊಡ್ತೇನಿ. ಇವತ್ತ ನಿಂದ ಮೊದಲ ಪಾಳಿ."

ಚನ್ನವ್ವನ ಹೆಜ್ಜೆ ಒಂದು ಕ್ಷಣ ತಡೆಯಿತು. ಉಳಿದ ಹೆಂಗಸರೂ ನಿಂತು ಚನ್ನವ್ವನನ್ನೇ ನೋಡಿದರು. ಚನ್ನವ್ವನ ಕಣ್ಣು ಗುರವ್ವನ ಮುಖಕ್ಕೆ ಬಂತು, ಅಲ್ಲಿ ನಿಲ್ಲದೆ ಹಿಂದಿನ ಬಾಗಿಲಿಗೆ ಹೋಯಿತು. ಡಬ್ಬಿಯನ್ನು ಇನ್ನೊಂದು ಟೊಂಕಕ್ಕೆ ಬದಲಿಸಿಕೊಂಡು ಅವಳು ಎಲ್ಲರೊಡನೆ ನಡೆದುಬಿಟ್ಟಳು. ಆ ನೋಟವನ್ನು ಗುರವ್ವ ಗುರುತಿಸಿದಳು, ಮೊಬೈಲಿನಲ್ಲಿ ನೋಡಿದ್ದಳು, ಅದು ತನ್ನದೇ. ಸಿಟ್ಟು ಬರಲಿಲ್ಲ. ಕಲಿಸಿದವಳು ತಾನೇ ಆಗಿರುವಾಗ ಯಾರ ಮೇಲೆ ಸಿಟ್ಟಾಗುವುದು?

ಸಂಜೆ ಕಸ ಗುಡಿಸಲು ಹೋದಾಗ ಕಂಬದ ಬಳಿ ಮತ್ತೆ ಎರಡು ಬರಿಗಾಲಿನ ಗುರುತು ಇದ್ದವು. ಚನ್ನವ್ವ ಈಗ ಅಲ್ಲಿಗೆ ಬರುತ್ತಿರಲಿಲ್ಲ. ಗುರವ್ವ ತನ್ನ ಪಾದಗಳನ್ನು ಅವುಗಳ ಮೇಲೆ ಇಟ್ಟು ನೋಡಿದಳು, ಸರಿಯಾಗಿ ಕೂತವು. ದಿನವಿಡೀ ತಾನು ಅಲ್ಲೇ ನಿಂತಿದ್ದೆನೆಂದು ಆಗ ತಿಳಿಯಿತು. ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಗುಡಿಸದೆಯೇ ಬಾಗಿಲು ಹಾಕಿಕೊಂಡಳು.