ತಂಗಿಯ ಬದಲು ನಾನು ಕೊಟ್ಟ ಉತ್ತರ

ನನ್ನ ತಂಗಿ ನಿರ್ಮಲಳ ಹೊಟ್ಟೆಗೆ ಕತ್ತರಿ ಹಾಕಿಸಿದವಳು ನಾನು. ಕೊಯ್ದವರು ಡಾಕ್ಟರು, ನಿಜ — ಆದರೆ ಅವರು ಅವಳನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಆಡಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ನಾವು ಕೊಟ್ಟೂರಿನವರು. ಅವ್ವ ತೀರಿಕೊಂಡ ಮೇಲೆ ನಿರ್ಮಲಳನ್ನು ಬೆಳೆಸಿದವಳು ನಾನೇ. ಅವಳು ದಪ್ಪ. ತಾನೂ ಉಂಡು, ಬಂದವರಿಗೂ ಉಣಬಡಿಸಿ ನಗುತ್ತಿದ್ದ ಹುಡುಗಿ. ಅವಳನ್ನು ನೋಡಲು ಬಂದ ಗಂಡುಗಳು ಅವಲಕ್ಕಿ ತಿಂದು, ಚಹಾ ಕುಡಿದು ಹೋದರೆ ತಿರುಗಿ ಸುದ್ದಿಯೇ ಇಲ್ಲ. ಅಷ್ಟರಲ್ಲಿ ಯಾರೋ ಹೇಳಿದರು, ಹೊಟ್ಟೆ ಸಣ್ಣದು ಮಾಡುವ ಆಪರೇಷನ್ ಇದೆಯಂತೆ ಎಂದು. ದಾವಣಗೆರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ಅವಸರದವರಲ್ಲ. ತೂಕ ಬಹಳವಿದೆ, ಸಕ್ಕರೆಯೂ ಏರುತ್ತಿದೆ, ಮಾಡಬಹುದು ಎಂದರು. ಆದರೆ ನಿಜವಾದ ಕೆಲಸ ಆಮೇಲೆ ಶುರು — ಸ್ವಲ್ಪ ಸ್ವಲ್ಪವೇ, ಅಗಿದು ಅಗಿದು ಉಣ್ಣಬೇಕು. ವಿಟಮಿನ್, ಕಬ್ಬಿಣಾಂಶದ ಮಾತ್ರೆ ಬದುಕಿರುವವರೆಗೂ ಬಿಡುವಂತಿಲ್ಲ. ಒಂದೂವರೆ ವರ್ಷವಾದರೂ ಬಸಿರಾಗಬಾರದು. ಜತೆಗೆ ಬಾಳುವವರಿಗೆಲ್ಲ ವಿಷಯ ಗೊತ್ತಿರಬೇಕು. ಎಲ್ಲ ಹೇಳಿ ಅವಳ ಕಡೆ ತಿರುಗಿದರು. "ಇದು ನಿಮ್ಮ ಆಸೆನಾ, ಮನೆಯವರದಾ?"

ನಿರ್ಮಲ ತಲೆ ತಗ್ಗಿಸಿದಳು. ಅದು ಅವಳ ಆಸೆಯಲ್ಲ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೂ...

"ಆಕಿದೇ ಆಸಿ ರೀ. ನಾಚಿಕಿ ಸ್ವಭಾವ, ಬಾಯಿಬಿಟ್ಟು ಹೇಳಂಗಿಲ್ಲ," ಎಂದೆ.

ಆಪರೇಷನ್ನನ್ನು ನಾನು ದೂರುವುದಿಲ್ಲ. ತೂಕ ಇಳಿಯಿತು, ಸಕ್ಕರೆಯೂ ಇಳಿಯಿತು, ಹೊಟ್ಟೆಯ ಮೇಲಿನ ಸಣ್ಣ ಗುರುತುಗಳೂ ಮಾಸಿದವು. ಎರಡು ವರ್ಷದಲ್ಲಿ ಹಡಗಲಿಯ ಒಳ್ಳೆಯ ಮನೆತನವೂ ಒಪ್ಪಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ — ನನ್ನದು ಒಂದೇ ಸುಳ್ಳು ಎಂದು ಸಮಾಧಾನ ಮಾಡಿಕೊಂಡೆ. ಬೀಗರ ಮನೆಯಲ್ಲಿ ಆಪರೇಷನ್ ಸುದ್ದಿ ಎತ್ತುವುದಿಲ್ಲ ಎಂದು ಅವಳಿಂದ ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ.

ಆ ಸುಳ್ಳು ಮದುವೆಯ ದಿನವೇ ಅವಳನ್ನು ಹಿಂಡಿತು. ಅಕ್ಷತೆ ಬಿದ್ದ ಮೇಲೆ ಭೂಮದ ಊಟ. ವಧೂವರರನ್ನು ಬೀಗರ ನಡುವೆ ಒಂದೇ ದೊಡ್ಡ ತಟ್ಟೆಗೆ ಕೂರಿಸಿ, ಒಬ್ಬೊಬ್ಬರೂ ಬಾಯಿಗೆ ತುತ್ತಿಡುವ ಪದ್ಧತಿ. ಬೇಡ ಅಂದರೆ ಅವಮಾನ. ಹೋಳಿಗೆ, ತುಪ್ಪ, ಮತ್ತೆ ಹೋಳಿಗೆ. ನಿರ್ಮಲಳ ಹಣೆ ಬೆವರುತ್ತಿತ್ತು, ತುಟಿ ಬಿಳಿಚಿತ್ತು. ಗುಂಪಿನಲ್ಲಿ ನನ್ನನ್ನೇ ಹುಡುಕಿ ನೋಡಿದಳು. ನಾನು ಕಣ್ಣಲ್ಲೇ ಹೇಳಿದೆ — ನುಂಗು.

ಆಮೇಲೆ ದಿನವೂ ಅದೇ ಆಯಿತು. ಅವಳ ಅತ್ತೆ ಕೆಟ್ಟವರಲ್ಲ. "ಯಾಕವ್ವಾ, ನಮ್ಮ ಮನಿ ಅಡಗಿ ಸೇರವಲ್ದೇನು?" ಎಂದು ಮತ್ತೊಂದು ರೊಟ್ಟಿ ಹಾಕುತ್ತಿದ್ದರು. ಇವಳು ಗಬಗಬ ನುಂಗಿ, ಹಿತ್ತಿಲಿಗೆ ಹೋಗಿ ಕಕ್ಕಿ ಬರುತ್ತಿದ್ದಳು. ಮಾತ್ರೆ ಕಂಡರೆ ಕೇಳುತ್ತಾರೆಂದು ಅದನ್ನೂ ಬಿಟ್ಟಳು. ಕೂದಲು ಉದುರಿತು, ರಕ್ತ ಕಡಿಮೆಯಾಯಿತು. ಒಂದು ದಿನ ಬಟ್ಟೆ ಒಗೆಯುತ್ತಿದ್ದಲ್ಲೇ ಬಿದ್ದಳು.

ಅವಳ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದರು. "ಅಕ್ಕಾರ, ಆಕಿಗೆ ಮೊದ್ಲು ಏನರ ಆಪರೇಷನ್ ಆಗಿತ್ತೇನ್ರಿ? ಡಾಕ್ಟರು ಕೇಳಾಕತ್ಯಾರ."

"ಇಲ್ರಿ," ಎಂದೆ.

ತಂಗಿ ಅಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಾಗ ನಾನು ಆಡಿದ ಮಾತು ಇದು. ಎಚ್ಚರವಾದ ಮೇಲೆ ಅವಳೇ ನಿಜ ಹೇಳಿದಳಂತೆ. ಬದುಕಿಕೊಂಡಳು. ಆದರೆ ಆ ಮನೆಯಲ್ಲಿ ಈಗ ಸುಳ್ಳುಗಾರ್ತಿ ಅವಳು, ನಾನಲ್ಲ — ಸುಳ್ಳು ಹೇಳು ಅಂದ ಅಕ್ಕನ ಹೆಸರನ್ನು ಅವಳು ಎತ್ತಿಯೇ ಇಲ್ಲ.

ಮೊನ್ನೆ ನೋಡಲು ಹೋಗಿದ್ದೆ. ಸಣ್ಣ ಬಟ್ಟಲಲ್ಲಿ ಗಂಜಿ ಇಟ್ಟುಕೊಂಡು ಕೂತಿದ್ದಳು. "ಅಕ್ಕಾ, ಒಂದು ಮಾತು ಕೇಳ್ತೀನಿ, ಖರೇ ಹೇಳು. ಗಂಡಿನ ಮನ್ಯಾರ ಮಾತು ಬಿಡು. ನನ್ನ ಜೋಡಿ ಬಜಾರಕ್ಕ ಹೋಗಾಕ ನಿನಗ ನಾಚಿಕಿ ಆಗ್ತಿತ್ತೇನು?"

"ಹುಚ್ಚಿ, ಏನ್ ಮಾತಾಡ್ತೀ," ಎಂದು ನಕ್ಕು ಎದ್ದು ಬಂದೆ.

ನಾಳೆ ಮತ್ತೆ ಹಡಗಲಿ ಬಸ್ಸು ಹತ್ತುತ್ತೇನೆ. ಸುಳ್ಳು ಅವಳದಲ್ಲ, ನನ್ನದು ಎಂದು ಅವಳ ಅತ್ತೆಯ ಮುಂದೆ, ಗಂಡನ ಮುಂದೆ ನಿಂತು ಹೇಳಬೇಕು. ಅವರು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ಹೇಳುತ್ತೇನೆ. ಅದು ಕಷ್ಟವಲ್ಲ. ಕಷ್ಟದ್ದು ನಿರ್ಮಲಳ ಎದುರು ಕೂತು ಹೇಳಬೇಕಾದ ಮಾತು — ಹೌದು, ಆಗುತ್ತಿತ್ತು.